ಎಂಎಸ್‌ಡಬ್ಲ್ಯು ಮಕ್ಕಳ ಕ್ಷೇತ್ರಕಾರ್ಯಕ್ಕೆ ದುಡ್ಡು ಕೊಡಿ: ಉನ್ನತ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ ನಮಸ್ಕಾರಗಳು.

ನಾನು ರಾಯಚೂರು ಜಿಲ್ಲೆಯಲ್ಲಿ ಅಂಗನವಾಡಿ ಮೇಲ್ವಿಚಾರಕಿಯಾಗಿದ್ದು ನಿವೃತ್ತಳಾದವಳು. ಎಂಎಸ್‌ಡಬ್ಲ್ಯು, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಓದುವ ಮಕ್ಕಳು ಕ್ಷೇತ್ರಕಾರ್ಯಕ್ಕೆಂದು ನಮ್ಮ ಕೇಂದ್ರಗಳಿಗೆ ಬರುತ್ತಿದ್ದರು. ಈ ಪತ್ರ ಅವರ ಪರವಾಗಿ.

ಎಂಎಸ್‌ಡಬ್ಲ್ಯು ಅಂದರೆ ಬರೀ ಕ್ಲಾಸಿನ ಓದಲ್ಲ. ವಾರಕ್ಕೆ ಸಾಮಾನ್ಯವಾಗಿ ಎರಡು ದಿನ ಹಳ್ಳಿಯಲ್ಲೋ ಆಸ್ಪತ್ರೆಯಲ್ಲೋ ಕೆಲಸ ಮಾಡುತ್ತಲೇ ಕಲಿಯಬೇಕು, ಗ್ರಾಮೀಣ ಶಿಬಿರಕ್ಕೂ ಹೋಗಬೇಕು. ನಾನು ಕಂಡದ್ದೇ ಬೇರೆ. ಹುಡುಗ ಬರುತ್ತಾನೆ, ರಿಜಿಸ್ಟರ್ ನೋಡಿ ನಾಲ್ಕು ಸಾಲು ಬರೆದುಕೊಳ್ಳುತ್ತಾನೆ, ಸಹಿ ಹಾಕಿಸಿಕೊಂಡು ಮಧ್ಯಾಹ್ನದ ಬಸ್ಸಿಗೆ ಓಡುತ್ತಾನೆ. ಅದು ತಪ್ಪಿದರೆ ಸಂಜೆಯವರೆಗೆ ಬಸ್ಸಿಲ್ಲ. ಅವನನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ ಚಾರ್ಜಿನ ಚಿಂತೆ ತಪ್ಪಿದೆ, ಅದು ದೊಡ್ಡ ಉಪಕಾರ. ಕೂಲಿಕಾರರ ಗಂಡುಮಕ್ಕಳು ಮಾತ್ರ ಚಾರ್ಜಿಗೂ ಊಟಕ್ಕೂ ಕೈಯಿಂದಲೇ ಹಾಕಬೇಕು.

ಈ ಕಲಿಕೆಯಿಂದ ಏನಾಗುತ್ತದೆ ಎಂಬುದಕ್ಕೆ ಒಂದು ಸಂಗತಿ ಹೇಳುತ್ತೇನೆ. ತೀವ್ರ ಅಪೌಷ್ಟಿಕತೆಯ ಮಗುವನ್ನು ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಸುಮಾರು 14 ದಿನ ಇಟ್ಟು ಆರೈಕೆ ಮಾಡುತ್ತಾರೆ. ತಾಯಿಯ ಕೂಲಿ ನಷ್ಟಕ್ಕೆ ಭತ್ಯೆಯೂ ಇದೆ. ಆದರೂ ಎಷ್ಟೋ ತಾಯಂದಿರು ನಾಲ್ಕೈದು ದಿನಕ್ಕೇ ಕೂಸನ್ನು ಎತ್ತಿಕೊಂಡು ವಾಪಸ್ ಬಂದುಬಿಡುತ್ತಾರೆ. ಮನೆಯಲ್ಲಿ ಉಳಿದ ಮಕ್ಕಳನ್ನು ನೋಡುವವರಿರುವುದಿಲ್ಲ, ಹತ್ತಿ ಬಿಡಿಸುವ ಕಾಲ ಬೇರೆ. ಹಾಗೆ ಬಂದ ಒಬ್ಬ ತಾಯಿಯ ಮನೆಗೆ ನಮ್ಮಲ್ಲಿಗೆ ಬರುತ್ತಿದ್ದ ಒಬ್ಬ ವಿದ್ಯಾರ್ಥಿನಿ ಮೇಲಿಂದ ಮೇಲೆ ಹೋದಳು. ಅತ್ತೆಯ ಜೊತೆ ಕೂತು ಮಾತಾಡಿದಳು, ದೊಡ್ಡ ಮಕ್ಕಳನ್ನು ಪಕ್ಕದ ಮನೆಯ ಅಜ್ಜಿಗೆ ಒಪ್ಪಿಸಿದಳು, ತಾಯಿ, ಮಗು ಇಬ್ಬರನ್ನೂ ತಾನೇ ಮತ್ತೆ ಕೇಂದ್ರಕ್ಕೆ ಕರೆದೊಯ್ದಳು. ಮಗುವಿನ ತೂಕ ಏರಿತು. ಆ ಹುಡುಗಿ ಇದೇ ಸೀಮೆಯವಳು, ಆ ಮನೆಯವರ ಮಾತು ಅವಳ ಮಾತೂ ಆಗಿತ್ತು. ನಮ್ಮ ಜಿಲ್ಲೆಗಳಿಗೆ ಬೇಕಾದವರು ಇಂಥ ಮಕ್ಕಳು.

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಬಜೆಟ್‌ನಲ್ಲಿ 5,000 ಕೋಟಿ ರೂಪಾಯಿ ಘೋಷಣೆಯಾಗುತ್ತಿದೆ. ಕೆಲಸ ಸಿಗದ ಪದವೀಧರರಿಗೆ ಯುವನಿಧಿಯಲ್ಲಿ ತಿಂಗಳಿಗೆ 3,000 ರೂಪಾಯಿ ಕೊಡುತ್ತಿದ್ದೀರಿ. ಓದುತ್ತಿರುವಾಗಲೇ ಊರಿನ ಕೆಲಸ ಮಾಡುವ ಮಕ್ಕಳಿಗೂ ಮಂಡಳಿಯ ಹಣದಿಂದ ಭತ್ಯೆ ಕೊಡಿಸಿ. ರಾಯಚೂರು, ಕೊಪ್ಪಳ, ಬಳ್ಳಾರಿಯಿಂದಲೇ ಶುರುಮಾಡಿ. ಅತಿಥಿ ಉಪನ್ಯಾಸಕರು ಹಳ್ಳಿಗೆ ಬಂದು ವಿದ್ಯಾರ್ಥಿಯ ಜೊತೆ ಕಳೆಯುವ ಗಂಟೆಯನ್ನೂ ಪಾಠದ ಗಂಟೆಯೆಂದೇ ಲೆಕ್ಕ ಹಿಡಿಯಿರಿ, ಇಲ್ಲದಿದ್ದರೆ ಮಕ್ಕಳನ್ನು ತಿದ್ದುವವರೇ ಇರುವುದಿಲ್ಲ.

ವಿದ್ಯಾರ್ಥಿಗಳ ಕ್ಷೇತ್ರಕಾರ್ಯಕ್ಕೆ ಸೆಮಿಸ್ಟರ್‌ಗೊಂದು ಊರು ಬದಲಿಸುವ ಪದ್ಧತಿಯೂ ನಿಲ್ಲಬೇಕು. ಸುಗ್ಗಿ ಮುಗಿದ ಮೇಲೆ ನಮ್ಮ ಎಷ್ಟೋ ಮನೆಗಳವರು ಬೆಂಗಳೂರಿಗೆ ಗುಳೆ ಹೋಗುತ್ತಾರೆ, ಮಳೆಗಾಲಕ್ಕೆ ಮರಳುತ್ತಾರೆ. ಯಾವ ಮಗು ಶಾಲೆಗೆ ವಾಪಸ್ ಬಂತು, ಯಾವುದು ಬರಲಿಲ್ಲ ಎಂದು ತಿಳಿಯಲು ಒಂದೇ ಊರಿನಲ್ಲಿ ವರ್ಷಕ್ಕಿಂತ ಹೆಚ್ಚು ಇರಬೇಕು.

ಬರುವ ಶೈಕ್ಷಣಿಕ ವರ್ಷಕ್ಕೆ ಮುಂಚೆ ರಾಯಚೂರಿನಲ್ಲಿ ಒಂದು ಸಭೆ ಕರೆಯಿರಿ. ಕುಲಪತಿಗಳ ಜೊತೆಗೆ ವಿದ್ಯಾರ್ಥಿಗಳನ್ನೂ ಅಂಗನವಾಡಿ ಕಾರ್ಯಕರ್ತೆಯರನ್ನೂ ಕೂರಿಸಿ. ಕರೆದರೆ ನಾನೂ ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಅಂಗನವಾಡಿ ಮೇಲ್ವಿಚಾರಕಿ, ರಾಯಚೂರು ಜಿಲ್ಲೆ