ಭರಣಿ ಮಳೆಗೆ ಮುಂಚೆ ನಮ್ಮ ಟವರ್ ಕಡೆ ನೋಡಿ: ಸಂಸದರಿಗೆ ಬಹಿರಂಗ ಪತ್ರ

ಮಾನ್ಯ ಸಂಸದರಿಗೆ ನಮಸ್ಕಾರ.

ನಾನು ಮೈಸೂರು ಸೀಮೆಯ ಒಂದು ರೇಡಿಯೊ ಟ್ರಾನ್ಸ್‌ಮಿಟರ್ ನೋಡಿಕೊಳ್ಳುವ ಇಂಜಿನಿಯರ್. ಹದಿನಾಲ್ಕು ವರ್ಷ ಆಯಿತು, ಇನ್ನೂ ಗುತ್ತಿಗೆ ಮೇಲೇ ಇದ್ದೇನೆ. ಎಲ್ಲಿ ಕೆಲಸ ಅಂತ ಬರೆಯುವುದಿಲ್ಲ, ಬರೆದರೆ ಕೆಲಸ ಉಳಿಯುವುದಿಲ್ಲ. ಪ್ರಸಾರದ ವಿಷಯ ಕೇಂದ್ರ ಸರ್ಕಾರದ ಕೈಯಲ್ಲಿದೆ, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಕೇಳುವುದು ಒಂದೇ. ಮಳೆಗಾಲದ ರಿಪೇರಿ ದುಡ್ಡು ಮಾರ್ಚ್ ಒಳಗೆ ಕೈಗೆ ಸಿಗಬೇಕು.

ನಮ್ಮ ಕಡೆ ಸಿಡಿಲು ಜೂನ್ ತನಕ ಕಾಯುವುದಿಲ್ಲ ಅಂತ ನಿಮಗೂ ಗೊತ್ತು. ಅಶ್ವಿನಿ, ಭರಣಿ ಮಳೆಯಲ್ಲೇ ಬಡಿಯುತ್ತದೆ. ಆ ಹೊತ್ತಿಗೆ ಬಿಸಿಲಿಗೆ ನೆಲ ಒಣಗಿ ಅರ್ಥಿಂಗ್ ಗುಂಡಿಯಲ್ಲಿ ತೇವ ಇರುವುದಿಲ್ಲ, ಸಿಡಿಲಿನ ಕರೆಂಟು ಸರಿಯಾಗಿ ನೆಲಕ್ಕೆ ಇಳಿಯದೆ ಕೇಬಲ್ ಹಿಡಿದು ಮಷೀನಿಗೇ ನುಗ್ಗುತ್ತದೆ. ಗುಂಡಿ ಅಗೆದು ಉಪ್ಪು, ಇದ್ದಿಲು ತುಂಬಿ ನೀರು ಹಾಕಬೇಕು. ಟವರ್ ಮೇಲಿನ ಕನೆಕ್ಟರ್ ಬಿಚ್ಚಿ ಒರೆಸಿ ಹೊಸ ಟೇಪ್ ಸುತ್ತಬೇಕು. ತುಕ್ಕು ಹಿಡಿದ ಬೋಲ್ಟ್ ಬದಲಿಸಬೇಕು. ಜನರೇಟರ್‌ಗೆ ಆಯಿಲ್, ಬ್ಯಾಟರಿ. ದೊಡ್ಡ ಖರ್ಚೇನೂ ಅಲ್ಲ. ಆದರೆ ಏಪ್ರಿಲ್‌ನಲ್ಲಿ ಹೊಸ ಲೆಕ್ಕ ಶುರು, ಆಮೇಲೆ ಟೆಂಡರ್, ಆಮೇಲೆ ಸಹಿ. ದುಡ್ಡು ಬರುವಾಗ ಆಷಾಢ.

ಹೋದ ವರ್ಷ ಫೆಬ್ರವರಿಯಲ್ಲೇ ಗುಂಡಿಯ ರೆಸಿಸ್ಟೆನ್ಸ್, ಅಂದರೆ ಕರೆಂಟು ನೆಲಕ್ಕೆ ಇಳಿಯಲು ಇರುವ ಅಡ್ಡಿ, ಅಳೆದೆ. ಒಂದು ಓಮ್ ಒಳಗಿರಬೇಕಾದದ್ದು ಒಂಬತ್ತು ತೋರಿಸಿತು. ಮೂರು ಪತ್ರ ಬರೆದೆ. ಉತ್ತರ ಬರಲಿಲ್ಲ. ಮೇ ಮೊದಲ ವಾರ ರಾತ್ರಿ ಎಂಟೂವರೆಗೆ ಸಿಡಿಲು ಬಡಿಯಿತು. ಬಾಗಿಲು ತೆಗೆದರೆ ಸುಟ್ಟ ವಾಸನೆ, ರ‍್ಯಾಕ್‌ನಲ್ಲಿ ಸಿಗ್ನಲ್‌ಗೆ ಬಲ ಕೊಡುವ ನಾಲ್ಕು ಆಂಪ್ಲಿಫೈಯರ್ ಮಾಡ್ಯೂಲ್ ಕರಕಲು, ಒಂದರ ಟ್ರಾನ್ಸಿಸ್ಟರ್ ಒಡೆದು ಚೂರು ನೆಲದ ಮೇಲೆ. ಹನ್ನೊಂದು ಗಂಟೆ ಪ್ರಸಾರ ನಿಂತಿತು. ಬೆಳಗ್ಗೆ ಏಳೂವರೆಗೆ ಅರ್ಧ ಪವರ್‌ನಲ್ಲಿ ಮತ್ತೆ ಶುರು ಮಾಡಿದೆ, ಮನೆಯಲ್ಲಿ ಮಗಳಿಗೆ ಜ್ವರ, ಹೆಂಡತಿ ಒಬ್ಬಳೇ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳು.

ಎರಡು ದಿನ ಬಿಟ್ಟು ನನಗೆ ಮೆಮೊ ಬಂತು. ಪ್ರಸಾರ ಯಾಕೆ ನಿಂತಿತು, ವಿವರಣೆ ಕೊಡಿ ಅಂತ. ನಾನು ಬರೆದ ಮೂರೂ ಪತ್ರಗಳ ಪ್ರತಿ ಲಗತ್ತಿಸಿ ಕಳಿಸಿದೆ. ಅದಕ್ಕೂ ಉತ್ತರ ಇಲ್ಲ! ಆದದ್ದು ಒಂದೇ, ಸಂಬಳದಲ್ಲಿ ಎರಡು ದಿನದ್ದು ಕಡಿತ. ಇದು ಯಾವ ನ್ಯಾಯ ಸ್ವಾಮಿ? ಆ ಮಾಡ್ಯೂಲ್‌ಗಳ ಬೆಲೆಯಲ್ಲಿ ಎಷ್ಟೋ ವರ್ಷ ಉಪ್ಪು ಇದ್ದಿಲು ತರಬಹುದಿತ್ತು.

ಇದೇ ಮೈಸೂರಲ್ಲಿ 1935ರಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆ ವಿಠಲ ವಿಹಾರದಿಂದಲೇ ರೇಡಿಯೊ ಶುರು ಮಾಡಿದರು. ಆಕಾಶವಾಣಿ ಅನ್ನುವ ಹೆಸರು ಬಂದದ್ದೇ ಇಲ್ಲಿಂದ. ಅಂಥ ಸೀಮೆಯಲ್ಲಿ ಟವರ್ ಹತ್ತುವ ಹುಡುಗನಿಗೆ ಒಂದು ಒಳ್ಳೆ ಸೇಫ್ಟಿ ಬೆಲ್ಟ್ ಇಲ್ಲ. ಹಳೆಯದರ ಹೊಲಿಗೆ ಬಿಚ್ಚಿದೆ, ಅವನು ನೈಲಾನ್ ಹಗ್ಗ ಕಟ್ಟಿಕೊಂಡು ಹತ್ತುತ್ತಾನೆ. ಅವನು ಇಳಿಯುವ ತನಕ ನಾನು ಕೆಳಗೆ ನಿಂತು ಮೇಲೇ ನೋಡುತ್ತಿರುತ್ತೇನೆ, ಎದೆ ಹೊಡೆದುಕೊಳ್ಳುತ್ತಿರುತ್ತದೆ.

ದಸರಾ ನೇರಪ್ರಸಾರ ಕೆಟ್ಟರೆ ಎಲ್ಲರೂ ಫೋನ್ ಮಾಡುತ್ತಾರೆ. ಮಾರ್ಚ್‌ನಲ್ಲಿ ಯಾರೂ ಮಾಡುವುದಿಲ್ಲ. ನೀವು ಮಾಡಿ. ಸಂಬಂಧಪಟ್ಟವರನ್ನು ಕರೆಸಿ, ಮಾರ್ಚ್ ಒಳಗೆ ದುಡ್ಡು ಬಿಡಿಸಿ. ಜೊತೆಗೆ ಒಂದು ಸೇಫ್ಟಿ ಬೆಲ್ಟ್.

ಈ ವರ್ಷದ ಮೊದಲ ಪತ್ರ ಕಳಿಸಿ ಇಪ್ಪತ್ತು ದಿನ ಆಯಿತು. ಸದ್ಯಕ್ಕೆ ದಿನಾ ಸಂಜೆ ನಾನೇ ಆ ಗುಂಡಿಗೆ ನಾಲ್ಕು ಬಿಂದಿಗೆ ನೀರು ಹಾಕುತ್ತಿದ್ದೇನೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ