ಶುಲ್ಕ ಕಟ್ಟುವ ಮುನ್ನ ವಿಮಾನಗಳನ್ನು ಎಣಿಸು

ಕಲಬುರಗಿ

ಚಿ. ಭಾಗ್ಯಶ್ರೀಗೆ ನಿನ್ನ ಕಾಕಾ ಮಾಡುವ ಆಶೀರ್ವಾದಗಳು.

ನೀನು ಕಳಿಸಿದ ಮೂರು ಪೈಲಟ್ ತರಬೇತಿ ಶಾಲೆಗಳ ಮಾಹಿತಿ ಪುಸ್ತಿಕೆಗಳನ್ನೂ, ಸಾಲಕ್ಕೆ ಆಧಾರವಾಗಿ ಇಡಬೇಕೆಂದು ನಿನ್ನಪ್ಪ ಕಳಿಸಿದ ತೊಗರಿ ಹೊಲದ ಪಹಣಿಯನ್ನೂ ಒಟ್ಟಿಗೇ ಮುಂದಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಬೀದರಿನಲ್ಲಿ ವಾಯುಪಡೆಯ ಹಾಕ್ ವಿಮಾನಗಳ ಸದ್ದಿಗೆ ತಲೆಯೆತ್ತಿ ನೋಡುತ್ತಲೇ ಬೆಳೆದ ನಿನಗೆ ಈ ಆಸೆ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ನನ್ನ ತಕರಾರು ಆಸೆಯ ಬಗ್ಗೆ ಅಲ್ಲ. ಹದಿನೈದು ದಿನದೊಳಗೆ ಪೂರ್ತಿ ಶುಲ್ಕ ಕಟ್ಟಿದರೆ ರಿಯಾಯಿತಿ ಕೊಡುತ್ತೇವೆಂದು ಮೊದಲ ಶಾಲೆಯವರು ನಿಮ್ಮನ್ನು ಅವಸರಪಡಿಸುತ್ತಿರುವ ಬಗ್ಗೆ.

ಯಾವ ಶಾಲೆಗಾದರೂ ಒಂದು ರೂಪಾಯಿ ಕೊಡುವ ಮೊದಲು ವೈದ್ಯಕೀಯ ಪರೀಕ್ಷೆ ಮುಗಿಯಬೇಕು. ಎರಡನೇ ದರ್ಜೆಯ ಪ್ರಮಾಣಪತ್ರ ಸಿಕ್ಕಿತೆಂದು ಅಲ್ಲಿಗೇ ನಿಲ್ಲಬೇಡ. ವೃತ್ತಿಪರ ಪರವಾನಗಿಗೆ ಬೇಕಾದದ್ದು ಮೊದಲ ದರ್ಜೆಯದು. ಬಣ್ಣ ಗುರುತಿಸುವಲ್ಲಿ ದೋಷವಿದ್ದರೆ, ಇಸಿಜಿಯಲ್ಲಿ ಏನಾದರೂ ವ್ಯತ್ಯಾಸ ಕಂಡರೆ, ಅದು ಗೊತ್ತಾಗಬೇಕಾದದ್ದು ಹೊಲ ಅಡವಿಡುವ ಮುಂಚೆಯೇ ಹೊರತು ನೂರು ಗಂಟೆ ಹಾರಿದ ಮೇಲಲ್ಲ.

ಬ್ಯಾಂಕಿನ ಸಾಲ ವಿಭಾಗದಲ್ಲಿದ್ದಾಗ ನಾನೇ ಮಂಜೂರು ಮಾಡಿದ ಒಂದು ಸಾಲ ಇಂದಿಗೂ ನನ್ನನ್ನು ಕಾಡುತ್ತದೆ. ಹುಡುಗ ಬುದ್ಧಿವಂತ, ತಂದೆ ಪ್ರಾಮಾಣಿಕ ರೈತ. ಶಾಲೆ ಪರರಾಜ್ಯದ್ದು, ಹೆಸರು ಬೇಡ. ಒಂದು ವರ್ಷದ ಕೋರ್ಸೆಂದು ಬರೆದುಕೊಟ್ಟಿದ್ದರು. ಅಂಗಳದಲ್ಲಿ ನಿಂತ ವಿಮಾನಗಳ ಫೋಟೋ ನೋಡಿ ನಾನು ಸಹಿ ಹಾಕಿದೆ, ಅವುಗಳಲ್ಲಿ ಹಾರುವಂಥವು ಎಷ್ಟು ಎಂದು ಕೇಳಲಿಲ್ಲ. ಒಂದರ ಬಿಡಿಭಾಗ ಬಂದಿರಲಿಲ್ಲ, ಇನ್ನೊಂದು ತಪಾಸಣೆಗೆ ನಿಂತಿತ್ತು, ನಡುವೆ ಮುಖ್ಯ ಬೋಧಕರು ಕೆಲಸ ಬಿಟ್ಟು ಹೋದರು. ಪರವಾನಗಿಗೆ ಬೇಕಾದ ಇನ್ನೂರು ಗಂಟೆ ಹಾರಾಟ ಮುಗಿಸಲು ಹುಡುಗನಿಗೆ ಮೂರು ವರ್ಷಕ್ಕೂ ಹೆಚ್ಚು ಹಿಡಿಯಿತು, ಅಷ್ಟೂ ಕಾಲ ಬಡ್ಡಿ ಮಾತ್ರ ನಿಲ್ಲದೆ ಬೆಳೆಯಿತು.

ಆದ್ದರಿಂದ ನೀನು ಕೇಳಬೇಕಾದ ಮೊದಲ ಪ್ರಶ್ನೆ ಗಂಟೆಗಳದು. ದೇಶದ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ನಿಯಮದಂತೆ ಪರವಾನಗಿಗೆ ಒಟ್ಟು 200 ಗಂಟೆ ಹಾರಾಟ ಬೇಕು. ಒಂದು ಶಾಲೆಯಲ್ಲಿ ನಿಜವಾಗಿ ಹಾರುವ ವಿಮಾನಗಳು ಐದು, ಒಂದೊಂದೂ ದಿನಕ್ಕೆ ನಾಲ್ಕು ಗಂಟೆ, ತಿಂಗಳಿಗೆ ಇಪ್ಪತ್ತೈದು ದಿನ ಹಾರುತ್ತದೆ ಎಂದಿಟ್ಟುಕೋ. ಒಟ್ಟು 500 ಗಂಟೆಯಾಯಿತು. ಅಲ್ಲಿ ಅರವತ್ತು ವಿದ್ಯಾರ್ಥಿಗಳಿದ್ದರೆ ಒಬ್ಬರಿಗೆ ಸಿಗುವುದು ತಿಂಗಳಿಗೆ ಎಂಟು ಗಂಟೆಯಷ್ಟೇ. ಅಂದರೆ 200 ಗಂಟೆಗೆ ಎರಡು ವರ್ಷ. ಇದು ಮಳೆಗಾಲದ ಮೋಡವನ್ನೂ ಚಳಿಗಾಲದ ಮಂಜನ್ನೂ ಲೆಕ್ಕಕ್ಕೆ ಹಿಡಿಯದ ಮಾತು. ಪುಸ್ತಿಕೆಯಲ್ಲಿರುವ ‘12 ತಿಂಗಳು’ ಎಂಬುದನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡು. ಕಳೆದ ವರ್ಷ ಸೇರಿದವರಲ್ಲಿ ನಾಲ್ಕಾರು ಮಂದಿಯನ್ನು ಶಾಲೆಯ ಕಚೇರಿಯಲ್ಲಲ್ಲ, ಹೊರಗಿನ ಚಹಾದಂಗಡಿಯಲ್ಲಿ ಭೇಟಿಯಾಗಿ, ಹೋದ ತಿಂಗಳು ಎಷ್ಟು ಗಂಟೆ ಹಾರಿದೆ ಎಂದು ಒಬ್ಬೊಬ್ಬರನ್ನೂ ಕೇಳು.

ಆ 200 ಗಂಟೆಯೊಳಗೂ ಬೇರೆ ಲೆಕ್ಕಗಳಿವೆ. ಅದರಲ್ಲಿ 100 ಗಂಟೆ ನೀನೇ ವಿಮಾನದ ಹೊಣೆ ಹೊತ್ತು ಹಾರಿದ್ದಾಗಿರಬೇಕು, ಒಮ್ಮೆಯಾದರೂ 300 ನಾಟಿಕಲ್ ಮೈಲಿ, ಅಂದರೆ ಸುಮಾರು 556 ಕಿಲೋಮೀಟರ್, ದೂರಪ್ರಯಾಣ ಮಾಡಿ ಬೇರೆ ಎರಡು ನಿಲ್ದಾಣಗಳಲ್ಲಿ ಇಳಿದಿರಬೇಕು, ರಾತ್ರಿ ಹಾರಾಟವೂ ಆಗಿರಬೇಕು. ಸೂರ್ಯ ಮುಳುಗಿದ ಮೇಲೆ ರನ್‌ವೇ ದೀಪವೂ ನಿಯಂತ್ರಣ ಗೋಪುರದ ಸಿಬ್ಬಂದಿಯೂ ಆ ಶಾಲೆಗೆ ಎಷ್ಟು ಹೊತ್ತು ಸಿಗುತ್ತಾರೆ, ಎರಡು ಎಂಜಿನ್‌ಗಳ ವಿಮಾನ ಅವರ ಸ್ವಂತದ್ದೋ ಅಥವಾ ಅದಕ್ಕಾಗಿ ಬೇರೆ ಊರಿಗೆ ಕಳಿಸುತ್ತಾರೋ, ಹಾಗೆ ಕಳಿಸಿದರೆ ಖರ್ಚು ಯಾರದ್ದು ಎಂಬುದನ್ನು ಬರಹದಲ್ಲಿ ಪಡೆದುಕೋ.

ಊರ ಬಳಿಯ ಶಾಲೆಯೇ ಆಗಬಹುದಲ್ಲ ಎಂದು ನಿನ್ನವ್ವ ಕೇಳಿದ್ದಾಳೆ. 2019ರ ನವೆಂಬರಿನಲ್ಲಿ ನಮ್ಮ ಕಲಬುರಗಿಯ ವಿಮಾನ ನಿಲ್ದಾಣ ಆರಂಭವಾದಾಗ ಇಲ್ಲಿ ತರಬೇತಿಯೂ ನಡೆದೀತೆಂದು ನಾನು ಎಣಿಸಿರಲಿಲ್ಲ. 2021ರಲ್ಲಿ ತರಬೇತಿ ಶಾಲೆಗಳಿಗೆಂದು ಆಯ್ದ ಐದು ನಿಲ್ದಾಣಗಳಲ್ಲಿ ಬೆಳಗಾವಿಯ ಜೊತೆ ಕಲಬುರಗಿಯೂ ಸೇರಿತು. ಪ್ರಯಾಣಿಕ ವಿಮಾನಗಳ ಓಡಾಟ ತೀರ ಕಡಿಮೆಯಿರುವ ನಿಲ್ದಾಣದಲ್ಲಿ, ದೊಡ್ಡ ನಗರದಲ್ಲಿದ್ದಂತೆ ಎಂಜಿನ್ ಚಾಲೂ ಇಟ್ಟುಕೊಂಡು ಸರದಿಗೆ ಕಾಯುವ ಕಷ್ಟ ಕಡಿಮೆ. ಆದರೆ ನಮ್ಮ ಬಿಸಿಲನ್ನು ಮರೆಯಬೇಡ. ಸಮುದ್ರಮಟ್ಟದಿಂದ ಸುಮಾರು 1,500 ಅಡಿ ಎತ್ತರದ ಈ ನೆಲದಲ್ಲಿ ಮೇ ಮಧ್ಯಾಹ್ನ 42 ಡಿಗ್ರಿ ಇದ್ದಾಗ ಗಾಳಿ ಎಷ್ಟು ತೆಳುವಾಗುತ್ತದೆಂದರೆ, ಸಣ್ಣ ವಿಮಾನದ ಪಾಲಿಗೆ ಅದು ಐದು ಸಾವಿರ ಅಡಿ ಎತ್ತರದ, ಮಡಿಕೇರಿಗಿಂತ ಎತ್ತರದ, ರನ್‌ವೇಯಿಂದ ಏರಿದ ಹಾಗೆ. ಬೇಸಿಗೆಯಲ್ಲಿ ಮುಂಜಾನೆಯ ಕೆಲವೇ ಗಂಟೆಗಳು ಪಾಠಕ್ಕೆ ಹಿತವೆಂಬುದನ್ನು ಮೇಲಿನ ಲೆಕ್ಕಕ್ಕೆ ಸೇರಿಸಿಕೋ.

2025ರ ಅಕ್ಟೋಬರಿನಿಂದ ಡಿಜಿಸಿಎ ಈ ಶಾಲೆಗಳಿಗೆ ಶ್ರೇಣಿ ಕೊಡಲು ಆರಂಭಿಸಿದೆ, ಅದನ್ನೂ ನೋಡು. ಹಾರದೆಯೇ ಲಾಗ್‌ಬುಕ್ಕಿನಲ್ಲಿ ಗಂಟೆ ಬರೆದುಕೊಡುತ್ತೇವೆ ಎನ್ನುವವರು ಸಿಕ್ಕರೆ ಮಾತು ಮುಂದುವರಿಸದೆ ಎದ್ದು ಬಾ. ವಿಮಾನ ಲೋಕದವರು ಇದನ್ನು ‘ಪಾರ್ಕರ್ ಪೆನ್ನಿನ ಗಂಟೆ’ ಎಂದು ಗೇಲಿ ಮಾಡುತ್ತಾರಂತೆ. ನನಗೆ ನಗು ಬರಲಿಲ್ಲ.

ಹಣದ ವಿಷಯದಲ್ಲಿ ನನ್ನ ಹಟ ಒಂದೇ. ಪೂರ್ತಿ ಶುಲ್ಕ ಮುಂಗಡವಾಗಿ ಕೊಡಕೂಡದು. ಹಾರಿದ ಗಂಟೆಗೆ ತಕ್ಕಂತೆ ಕಂತಿನಲ್ಲಿ ಕೊಡಬೇಕು, ನಡುವೆ ಬಿಟ್ಟರೆ ಉಳಿದ ಹಣ ಎಷ್ಟು ದಿನದಲ್ಲಿ ಮರಳುತ್ತದೆಂದು ಒಪ್ಪಂದದಲ್ಲಿರಬೇಕು. ಇದಕ್ಕೆ ಒಪ್ಪದ ಶಾಲೆ ಎಷ್ಟು ರಿಯಾಯಿತಿ ಕೊಟ್ಟರೂ ನಮಗೆ ದುಬಾರಿಯೇ. ವಿಮಾನ ಕಂಪನಿ ಸೇರಲು ಬೇಕಾದ ಟೈಪ್ ರೇಟಿಂಗ್‌ನ, ಅಂದರೆ ಒಂದು ನಿರ್ದಿಷ್ಟ ಮಾದರಿಯ ವಿಮಾನ ಹಾರಿಸುವ ಅರ್ಹತೆಯ, ಖರ್ಚು ಇದರ ಮೇಲೆ ಬೇರೆ ಬೀಳುತ್ತದೆಂದು ನಿನ್ನಪ್ಪನಿಗೆ ಈಗಲೇ ತಿಳಿಸು, ಆಮೇಲೆ ಅಲ್ಲ.

ಬರುವ ಶನಿವಾರ ಸಂಜೆಯ ಬಸ್ಸಿಗೆ ಬಾ. ಭಾನುವಾರ ಬೆಳಿಗ್ಗೆ ಆರಕ್ಕೆ ಸೇಡಂ ರಸ್ತೆಯಲ್ಲಿ, ವಿಮಾನ ನಿಲ್ದಾಣವಿರುವ ಸರಡಗಿ ಕಡೆಗೆ ಹೋಗಿ ಹತ್ತು ಗಂಟೆಯವರೆಗೆ ನಿಂತು, ಎಷ್ಟು ವಿಮಾನ ಏರುತ್ತವೆ, ಎಷ್ಟು ಇಳಿಯುತ್ತವೆ ಎಂದು ಇಬ್ಬರೂ ಎಣಿಸೋಣ. ಒಪ್ಪಂದದ ಕರಡು ಪ್ರತಿಯನ್ನು ಮರೆಯದೆ ತಾ. ಸಣ್ಣ ಅಕ್ಷರದ ಪುಟಗಳನ್ನೂ ಬಿಡಬೇಡ.

ಇಂತಿ ನಿನ್ನ ಕಾಕಾ