ಯೀಸ್ಟ್ ಇಲ್ಲದ ಖಾರದ ಬ್ರೆಡ್: ಸದಸ್ಯರ ಗಮನಕ್ಕೆ

ಆತ್ಮೀಯ ಸದಸ್ಯರೇ,

ಅಡುಗೆ ಸೋಡಾ ಹುಳಿ ಮಜ್ಜಿಗೆಯೊಡನೆ ಬೆರೆತ ಕ್ಷಣದಿಂದಲೇ ಹಿಟ್ಟನ್ನು ಉಬ್ಬಿಸುವ ಅನಿಲ ಹೊರಬೀಳಲು ತೊಡಗುವುದರಿಂದ, ಓವನ್ ಅನ್ನು 200 ಡಿಗ್ರಿ ಸೆಲ್ಸಿಯಸ್‌ಗೆ ಮೊದಲೇ ಕಾಯಿಸಿಟ್ಟುಕೊಂಡು, ಆಮೇಲೆಯೇ ಹಿಟ್ಟು ಕಲಸಬೇಕೆಂದು ವಿನಂತಿಸುತ್ತೇನೆ. 250 ಗ್ರಾಂ ಮೈದಾಕ್ಕೆ ಅರ್ಧ ಟೀ ಚಮಚ ಸೋಡಾ, ಅಷ್ಟೇ ಉಪ್ಪು, ಜೀರಿಗೆ, ಹೆಚ್ಚಿದ ಹಸಿಮೆಣಸಿನಕಾಯಿ ಮತ್ತು ಒಂದು ಹಿಡಿ ಸಬ್ಬಸಿಗೆ ಸೊಪ್ಪು ಸೇರಿಸಿ. ಈ ಸೊಪ್ಪಿನ ಪರಿಮಳಕ್ಕೆ ಸಮನಾದದ್ದು ಬೇರೊಂದಿಲ್ಲವೆಂಬುದು ನನ್ನ ದೃಢ ಅಭಿಪ್ರಾಯ. ಸುಮಾರು 180 ಮಿಲಿಲೀಟರ್ ಗಟ್ಟಿ ಮಜ್ಜಿಗೆಯನ್ನು ಸ್ವಲ್ಪಸ್ವಲ್ಪವಾಗಿ ಹಾಕಿ, ಒಣಹಿಟ್ಟು ಕಾಣದಷ್ಟು ಮಾತ್ರ ಕಲಸಿರಿ. ಚಪಾತಿ ಹಿಟ್ಟಿನಂತೆ ನಾದಿದರೆ ಬ್ರೆಡ್ ಬಿರುಸಾಗುತ್ತದೆ. ಉಂಡೆಯ ಮೇಲೆ ಆಳವಾಗಿ ಅಡ್ಡ-ಉದ್ದ ಗೀರು ಹಾಕಿ, ಮೂವತ್ತರಿಂದ ಮೂವತ್ತೈದು ನಿಮಿಷ ಬೇಯಿಸಿ, ತಳವನ್ನು ತಟ್ಟಿದಾಗ ಟೊಳ್ಳು ಸದ್ದು ಬಂದರೆ ಹೊರತೆಗೆಯಿರಿ. ಪೂರ್ತಿ ಆರಿದ ಮೇಲೆಯೇ ಕತ್ತರಿಸಿರಿ.